ಸಾಕ್ಷಿಯ ಹೊರೆ ಯಾರ ತಲೆಯ ಮೇಲೆ?

ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿಗೆ ಸೇರಿದ ಪಡ್ರೆಯಲ್ಲಿ ಕುಡಿಯುವ ನೀರು ಗುಡ್ಡದ ಹೊಟ್ಟೆಯಿಂದ ಬರುತ್ತದೆ. ಮುರಕಲ್ಲಿನ ಇಳಿಜಾರಿನಲ್ಲಿ ಆಳೊಬ್ಬ ನುಗ್ಗುವಷ್ಟು ಸುರಂಗ ಕೊರೆದು, ಒಸರುವ ನೀರನ್ನು ಅಂಗಳಕ್ಕೆ ಹರಿಸಿಕೊಳ್ಳುವುದು ಇಲ್ಲಿಯ ಹಳೆಯ ಕ್ರಮ. ಗುಡ್ಡದ ನೆತ್ತಿಗೆ ಬಿದ್ದದ್ದು ಇಂದಲ್ಲ ನಾಳೆ ಅಡುಗೆಮನೆಯ ಕೊಡಪಾನಕ್ಕೆ ಇಳಿಯುತ್ತದೆ. ಎಂಡೋಸಲ್ಫಾನ್ ಪ್ರಕರಣ ಅರ್ಥವಾಗಬೇಕಾದರೆ ಮೊದಲು ಈ ನೀರಿನ ದಾರಿ ಗೊತ್ತಿರಬೇಕು.

ನೆತ್ತಿಯಲ್ಲಿ ಗೇರುತೋಟ. ಕೃಷಿ ಇಲಾಖೆ ಎಬ್ಬಿಸಿದ್ದ ತೋಟಗಳು 1978ರಲ್ಲಿ ಸರಕಾರದ್ದೇ ಆದ ಪ್ಲಾಂಟೇಶನ್ ಕಾರ್ಪೊರೇಶನ್ ಆಫ್ ಕೇರಳದ ಕೈಸೇರಿದವು. ಜಿಲ್ಲೆಯಲ್ಲಿ ಒಟ್ಟು ನಾಲ್ಕೂವರೆ ಸಾವಿರ ಹೆಕ್ಟೇರಿಗೂ ಹೆಚ್ಚು. ಗೇರಿನ ಚಿಗುರು, ಹೂ ಹೀರುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಮದ್ದು ಬಿಡುತ್ತಿದ್ದರು. ವರ್ಷಕ್ಕೆ ಎರಡು ಮೂರು ಸಲ, 2000ದ ಡಿಸೆಂಬರ್ ತನಕ, ಎರಡು ದಶಕಕ್ಕೂ ಮಿಕ್ಕಿ. ಏರು ತಗ್ಗಿನ ಈ ನೆಲದ ಮೇಲೆ ಹೆಲಿಕಾಪ್ಟರ್ ಮರಗಳಿಗೆ ತಾಗಿದಂತೆ ಹಾರುವುದು ಸಾಧ್ಯವಿರಲಿಲ್ಲ. ಮೇಲಿನಿಂದ ಬಿಟ್ಟದ್ದನ್ನು ಗಾಳಿ ಕಣಿವೆಯ ಮನೆಗಳಿಗೆ ಒಯ್ದಿತು. ಬಾವಿ ಮುಚ್ಚಿಕೊಳ್ಳಿ ಎಂದು ಊರವರಿಗೆ ಹೇಳುತ್ತಿದ್ದರು. ಬಾವಿಗೆ ತೆಂಗಿನ ಸೋಗೆ ಹಾಸಬಹುದು. ಸುರಂಗಕ್ಕೆ ನೀರೂಡಿಸುವ ಇಡೀ ಗುಡ್ಡಕ್ಕೆ, ಅದರಿಂದಿಳಿಯುವ ತೋಡಿಗೆ ಏನು ಹಾಸಬೇಕಿತ್ತು?

ಮೊದಲು ಸೂಚನೆ ಕೊಟ್ಟದ್ದು ದನಗಳು. ಕಾಲು ತಿರುಚಿದ ಕರುಗಳು ಹುಟ್ಟಿದವು. ಪಡ್ರೆಯವರೇ ಆದ ಪತ್ರಕರ್ತ ಶ್ರೀಪಡ್ರೆಯವರು 1980ರ ದಶಕದ ಆರಂಭದಲ್ಲೇ ಇದನ್ನು ಬರೆದರು. ವಾಣಿನಗರದಲ್ಲಿ ಕ್ಲಿನಿಕ್ ಇಟ್ಟಿದ್ದ ಡಾ. ವೈ.ಎಸ್. ಮೋಹನ ಕುಮಾರರ ಮುಂದೆ ಅಪಸ್ಮಾರ, ಬುದ್ಧಿಮಾಂದ್ಯ, ಹುಟ್ಟಿನಿಂದ ಬಂದ ಅಂಗವೈಕಲ್ಯ, ಕ್ಯಾನ್ಸರ್, ಮನೋರೋಗಗಳು ಒಂದು ಸಣ್ಣ ಹಳ್ಳಿಗೆ ಹೊರಲಾಗದಷ್ಟು ಸಾಲುಗಟ್ಟಿದವು. ಅವರು ಲೆಕ್ಕ ಇಟ್ಟರು, ಬರೆದರು, ಕೇಳುವ ಕಿವಿಗಾಗಿ ವರ್ಷಗಟ್ಟಲೆ ಕಾದರು. ದಕ್ಷಿಣದ ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯಕ್ಕೆ ಹೋಗಿ ಸಿಂಪಡಣೆಗೆ ತಾತ್ಕಾಲಿಕ ತಡೆ ತಂದರು. ಸರಕಾರಿ ಸಂಬಳ ಪಡೆಯುವ ಹೆಂಗಸೊಬ್ಬರು ಸರಕಾರಿ ನಿಗಮದ ಎದುರು ನಿಲ್ಲುವುದು ಎಂಥ ಧೈರ್ಯ ಬೇಡುವ ಕೆಲಸ ಎಂದು ಯೋಚಿಸಿ ನೋಡಿ.

ಆಮೇಲೆ ಪರೀಕ್ಷೆಗಳ ಕಾಲ. 2001ರಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಆಂಡ್ ಎನ್ವಿರಾನ್ಮೆಂಟ್ ಪಡ್ರೆಯ ಜನರ ರಕ್ತದಲ್ಲಿ, ತಾಯಿಯ ಹಾಲಿನಲ್ಲಿ ಎಂಡೋಸಲ್ಫಾನ್ ಕಂಡಿತು. ಮತ್ತೊಂದು ಪ್ರಯೋಗಾಲಯ ಹಾಗೇನೂ ಇಲ್ಲವೆಂದಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಇಲ್ಲಿಯ ಶಾಲಾ ಹುಡುಗರನ್ನು ಮದ್ದು ಬೀಳದ ಊರಿನ ಹುಡುಗರೊಂದಿಗೆ ಹೋಲಿಸಿ, ಇವರು ಪ್ರಾಯಕ್ಕೆ ಬರುವುದು ತಡವಾಗುತ್ತಿದೆ ಎಂದು 2003ರಲ್ಲಿ ಪ್ರಕಟಿಸಿತು. ಅದೇ ವರ್ಷ ಕೇಂದ್ರ ನೇಮಿಸಿದ ಸಮಿತಿಯೊಂದು ನಂಟು ಕಾಣುತ್ತಿಲ್ಲವೆಂದಿತು. ಊರಿನ ಪ್ರತಿಯೊಂದು ಕಾಯಿಲೆಗೂ ಈ ವಿಷವೇ ಕಾರಣವೆಂದು ಹೇಳಲಾಗದು ಎನ್ನುವ ವಿಜ್ಞಾನಿಗಳು ಈಗಲೂ ಇದ್ದಾರೆ. ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಒಂದೊಂದು ಮಗುವಿನ ಒಂದೊಂದು ನೋವಿಗೂ ಇಂಥದೇ ಕಾರಣ ಎಂದು ಬೆರಳಿಡುವುದು ಯಾವ ವೈದ್ಯನಿಗೂ ಕಷ್ಟ.

ಆದರೆ ಈ ಅನುಮಾನದ ಲಾಭ ಇಪ್ಪತ್ತು ವರ್ಷ ಯಾರಿಗೆ ಸಿಕ್ಕಿತು? ಮದ್ದಿಗೆ. ಈ ಪ್ರಕರಣದ ನಿಜವಾದ ಪಾಪ ಇಲ್ಲಿದೆ ಎಂದು ನನ್ನ ತೀರ್ಮಾನ. ವಿಷ ಬಿಟ್ಟವರನ್ನು ಯಾರೂ ‘ಕೇಡಿಲ್ಲವೆಂದು ತೋರಿಸಿ’ ಎಂದು ಕೇಳಲಿಲ್ಲ. ತಲೆ ಎತ್ತಲಾಗದ ಮಗುವನ್ನು ಮಡಿಲಲ್ಲಿಟ್ಟುಕೊಂಡ ತಾಯಿಯನ್ನು, ಬೀಡಿ ಕಟ್ಟಿ ಬದುಕುವವಳನ್ನು, ‘ಕೇಡಾಗಿದೆ ಎಂದು ಸಾಬೀತು ಮಾಡು’ ಎಂದು ಕೇಳಿದೆವು. ತೋಟ ನೋಡಿಕೊಂಡ ಅಧಿಕಾರಿಗೆ ಇಳುವರಿಯ ಲೆಕ್ಕ ಒಪ್ಪಿಸಬೇಕಿತ್ತು, ಹೆಲಿಕಾಪ್ಟರಿನವನಿಗೆ ಗುತ್ತಿಗೆ ಮುಗಿಸಬೇಕಿತ್ತು. ಕೇಡು ಬಯಸಿದವರು ಅವರಲ್ಲಿ ಒಬ್ಬರೂ ಇರಲಾರರು. ಕೇಡಿನ ವಿಚಾರಣೆ ಯಾರ ಕೆಲಸವೂ ಆಗಿರಲಿಲ್ಲ, ಅಷ್ಟೇ ಸಾಕಾಯಿತು. ಗಡಿಯಾಚೆ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ನಿಡ್ಲೆಗಳಲ್ಲಿ ಕರ್ನಾಟಕದ ಗೇರು ನಿಗಮವೂ ಇದನ್ನೇ ಮಾಡಿತು.

2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ಸೇರಿದ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಸುಲಭದಲ್ಲಿ ನಶಿಸದೆ ಗಾಳಿಯಲ್ಲಿ ಸಾಗಿ ಉತ್ತರಧ್ರುವದ ಹಿಮಪ್ರದೇಶವನ್ನೂ ಮುಟ್ಟುವ ರಾಸಾಯನಿಕ ಅದು. ಆ ವರ್ಷದ ಮೇ 13ರಂದು ಸುಪ್ರೀಂ ಕೋರ್ಟ್ ಅದರ ತಯಾರಿಕೆ, ಮಾರಾಟ, ಬಳಕೆಯನ್ನು ದೇಶದಾದ್ಯಂತ ತಡೆಯಿತು. ಅಪಾಯದ ಶಂಕೆ ಗಟ್ಟಿಯಾಗಿದ್ದರೆ ಪೂರ್ಣ ಪುರಾವೆಗೆ ಕಾಯದೆ ಮುನ್ನೆಚ್ಚರಿಕೆ ವಹಿಸಬೇಕೆಂಬ ತತ್ವ ಆ ಆದೇಶಕ್ಕೆ ಆಧಾರ. ಪಡ್ರೆಯ ಕರುಗಳನ್ನು ನೋಡಿ ರೈತನಿಗೆ ತೋಚಿದ್ದು ಇದೇ ಆಗಿತ್ತು. ಅದು ಸುಪ್ರೀಂ ಕೋರ್ಟಿನ ಆದೇಶದ ತನಕ ಬರಲು ಮೂವತ್ತು ವರ್ಷ ಹಿಡಿಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಆದೇಶವಾಯಿತು. 2022ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ನೋಡಿದಾಗ ಹಣ ಸಿಕ್ಕಿದ್ದು, ನ್ಯಾಯಾಂಗ ನಿಂದನೆ ಅರ್ಜಿ ಹಾಕಿದ ಎಂಟು ಮಂದಿಗೆ ಮಾತ್ರ.

ಇಷ್ಟನ್ನು ಈಗ ಬರೆಯಲು ಕಾರಣ ನೆಲ, ಕಡಲುಗಳನ್ನು ಬಿಸಿಯೇರಿಸುತ್ತಿರುವ ಇಂಗಾಲದ ಹೊಗೆ. ಅದೂ ಗಾಳಿಯಲ್ಲಿ ಸಾಗುತ್ತದೆ, ಬಿಟ್ಟವನ ಅಂಗಳದಲ್ಲಿ ಉಳಿಯುವುದಿಲ್ಲ. ಇದೇ ಜಿಲ್ಲೆಯ ಉಪ್ಪಳ, ಮಂಜೇಶ್ವರಗಳ ಕರೆಯಲ್ಲಿ ಕಡಲು ಮನೆಗಳನ್ನು ನುಂಗುತ್ತಿದೆ. ಅದರಲ್ಲಿ ಬಿಸಿಯೇರಿದ ಕಡಲಿನ ಪಾಲೆಷ್ಟು, ಕಲ್ಲಿನ ತಡೆಗೋಡೆ ಮತ್ತು ಬಂದರುಗಳ ಪಾಲೆಷ್ಟು ಎಂದು ಒಂದು ಮನೆಯ ಮಟ್ಟಿಗೆ ಬಿಡಿಸಿ ಹೇಳುವುದು ಕಷ್ಟ. ಆ ಕಷ್ಟವನ್ನೇ ನೆಪ ಮಾಡಿ ಕಡಲಮೀನು ಹಿಡಿಯುವ ಮೊಗವೀರರ ಮನೆಯವರನ್ನು ಮತ್ತೆ ಪುರಾವೆ ಕೇಳತೊಡಗಿದರೆ, ಪಡ್ರೆಯಿಂದ ನಾವು ಕಲಿತದ್ದು ಸೊನ್ನೆ. ಹೊಗೆ ಬಿಡುವವರು ಬಲ್ಲವರು, ಉಳ್ಳವರು. ಪ್ರಯೋಗಾಲಯ, ವಕೀಲರು, ಅಂಕಿಅಂಶ ಎಲ್ಲ ಅವರ ಕಡೆಗಿವೆ. ಉತ್ತರ ಕೊಡಬೇಕಾದವರು ಅವರು.

ನಿಮ್ಮೂರಿನ ಗುಡ್ಡಕ್ಕೆ ಕೋರೆಯೋ ಕಾರ್ಖಾನೆಯೋ ಹೊಸ ಮದ್ದೋ ಬರುವುದಾದರೆ ಗ್ರಾಮಸಭೆಗೆ ತಪ್ಪದೆ ಹೋಗಿ. ‘ಇದರಿಂದ ನಮ್ಮ ನೀರಿಗೆ ಕೇಡಿಲ್ಲ ಎನ್ನಲು ನಿಮ್ಮ ಬಳಿ ಏನಿದೆ?’ ಎಂದು ಎದ್ದು ಕೇಳಿ. ಕೊಟ್ಟ ಉತ್ತರವನ್ನು, ಕೊಡದಿದ್ದರೆ ಕೊಡಲಿಲ್ಲವೆಂಬುದನ್ನು, ಕೊಟ್ಟವರ ಹೆಸರು ಸಹಿತ ನಡಾವಳಿ ಪುಸ್ತಕದಲ್ಲಿ ಬರೆಸಿ.