ದಿಣ್ಣೆಯ ಬೆವರು, ತಗ್ಗಿನ ನೀರು

ಅಪ್ಪ ಊರಿಂದ ಫೋನು ಮಾಡಿದ್ದ. "ದಿಣ್ಣೆ ಹೊಲಕ್ಕೆಲ್ಲ ಕಂದಕ ತೋಡಿ ಬದು ಹಾಕ್ತಾರಂತೆ ಕಣೋ. ಔಷ್ದಿ ಹೊಡೀಬಾರದಂತೆ, ಸರ್ಕಾರಿ ಗೊಬ್ಬರ ಹಾಕಬಾರದಂತೆ, ತಿಪ್ಪೆಗೊಬ್ಬರವೇ ಅಂತೆ. ರುಜು ಕೇಳ್ತಾವ್ರೆ. ಓದಿದೋನು ನೀನು, ಹೇಳು. ಹಾಕ್ಲಾ, ಬ್ಯಾಡ್ವಾ?"

ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗ ನಾನು. ಈ ಪ್ರಶ್ನೆಗೆ ನನ್ನ ಡಿಗ್ರಿಯಲ್ಲಿ ಉತ್ತರ ಇರಲಿಲ್ಲ.

ನಾನಿರುವುದು ಸಂಜಯನಗರದ ಬಾಡಿಗೆ ರೂಮಿನಲ್ಲಿ. ಬೆಳಿಗ್ಗೆ ಮೈಮೇಲೆ ಹುಯ್ದುಕೊಂಡ ನೀರು ಮೋರಿ ಹಿಡಿದು ಹೆಬ್ಬಾಳದ ಕಣಿವೆಗೆ ಇಳಿಯುತ್ತದೆ. ಹೆಬ್ಬಾಳ-ನಾಗವಾರ ಕಣಿವೆಯ ಕೊಳಚೆಯನ್ನು ಎರಡು ಹಂತ ಶುದ್ಧಮಾಡಿ, ದಿನಕ್ಕೆ 21 ಕೋಟಿ ಲೀಟರಿನಂತೆ 65 ಕೆರೆಗಳಿಗೆ ಪಂಪು ಮಾಡುವುದು ಸರ್ಕಾರದ ಯೋಜನೆ. ಅದರಲ್ಲಿ ಚಿಕ್ಕಬಳ್ಳಾಪುರ ಸೀಮೆಯ ಕೆರೆಗಳೂ ಸೇರಿವೆ. ನಮ್ಮೂರೂ ಆ ಕಡೆಯದೇ. ಮೂರನೇ ಹಂತದ ಶುದ್ಧೀಕರಣವೂ ಆಗಲಿ ಅಂತ ಅಲ್ಲಿಯ ರೈತರು ಕೂಗಿದರು. ಅವರ ಕೂಗು ನ್ಯಾಯವೇ. ಆದರೆ ನನಗೆ ನಗು ಬರುವುದು ಬೇರೆ ಕಾರಣಕ್ಕೆ. ನಮ್ಮಜ್ಜ ಮುಟ್ಟಿದರೆ ಮೈಲಿಗೆಯಾಗುತ್ತಿದ್ದ ಊರಿಗೆ ಇಡೀ ಬೆಂಗಳೂರು ಮೈ ತೊಳೆದ ನೀರು ಹೊರಟಿದೆ. ಈಗ ಮಡಿ ಎಲ್ಲಿ ಹೋಯಿತು ಸ್ವಾಮಿ?

ಅಜ್ಜ ನೀರಗಂಟಿ. ಕೆರೆಯ ತೂಬು ಎತ್ತೋನು ಅವನೇ, ಯಾರ ಗದ್ದೆಗೆ ಎಷ್ಟು ಅಂತ ನೀರು ಬಿಡೋನು ಅವನೇ. ಅಚ್ಚುಕಟ್ಟಿನಲ್ಲಿ ಮಾತ್ರ ಅವನಿಗೆ ಒಂದು ಗುಂಟೆಯೂ ಇರಲಿಲ್ಲ. ಕುಡಿಯುವ ನೀರಿಗೆ ಊರಬಾವಿಯ ದೂರದಲ್ಲಿ ನಿಂತು, ಯಾರಾದರೂ ಹುಯ್ಯಲಿ ಅಂತ ಕಾಯುತ್ತಿದ್ದ.

ಬರಡಾದ ನೆಲವನ್ನು ಮತ್ತೆ ಜೀವಕ್ಕೆ ತರುವ ಕೆಲಸಕ್ಕೆ ಜಲಾನಯನ ಅಂತ ಹೆಸರು. ಕರ್ನಾಟಕದಲ್ಲಿ ಸುಜಲ ಯೋಜನೆ 2001ರಲ್ಲಿ ಅವಿಭಜಿತ ಕೋಲಾರವೂ ಸೇರಿ ಐದು ಜಿಲ್ಲೆಗಳಲ್ಲಿ ಶುರುವಾಯಿತು. 2004ರಲ್ಲಿ ರಾಜ್ಯಕ್ಕೆ ಸಾವಯವ ಕೃಷಿ ನೀತಿಯೂ ಬಂತು. ಶಾಸ್ತ್ರ ಸರಳ: ಗುಡ್ಡದ ನೆತ್ತಿಯಿಂದ ಕೆಲಸ ಶುರುಮಾಡು, ಓಡುವ ನೀರನ್ನು ನಡೆಸು, ನಡೆಯುವ ನೀರನ್ನು ನಿಲ್ಲಿಸು, ನಿಂತ ನೀರನ್ನು ಇಂಗಿಸು. ಮಣ್ಣಿಗೆ ಸೊಪ್ಪುಸದೆ, ಸಗಣಿ ಸೇರಿದರೆ ಅದು ನೀರು ಹಿಡಿಯುತ್ತದೆ. ಇದರಲ್ಲಿ ಸುಳ್ಳಿಲ್ಲ.

ಸುಳ್ಳು ಇರುವುದು ಹೇಳದೆ ಬಿಟ್ಟ ಮಾತಿನಲ್ಲಿ. ನೆತ್ತಿಯ ಮೇಲೆ ಯಾರಿದ್ದಾರೆ? ದರಖಾಸ್ತಿನಲ್ಲಿ ನಮಗೆ ಸಿಕ್ಕಿದ್ದು ಕಲ್ಲು ದಿಣ್ಣೆ. ತಗ್ಗಿನ ಎರೆಮಣ್ಣು ಮೊದಲೇ ಬೇರೆಯವರ ಪಾಲಾಗಿತ್ತು. ಹಿಂದೊಮ್ಮೆ ಇಂಥದೇ ಕೆಲಸ ನಡೆದಾಗ ಅಪ್ಪ, ಅವ್ವ ಇಬ್ಬರೂ ಗುದ್ದಲಿ ಹಿಡಿದರು, ಕೂಲಿ ತಂದರು. ನಮ್ಮ ಹೊಲದ ಮಣ್ಣು ಕೊಚ್ಚಿಹೋಗುವುದು ನಿಂತಿತು, ರಾಗಿ ಒಂದಿಷ್ಟು ಹೆಚ್ಚಾಯಿತು. ನಿಜ. ಆದರೆ ದಿಣ್ಣೆಯಲ್ಲಿ ಇಂಗಿದ ನೀರು ತಗ್ಗಿನ ಬೋರ್‌ವೆಲ್ಲಿನಲ್ಲಿ ಎದ್ದಿತು. ಅಲ್ಲಿ ದ್ರಾಕ್ಷಿ ಚಪ್ಪರ ಎದ್ದಿತು. ಮೇಕೆ ಮೇಯಲು ಗುಡ್ಡ ಮುಚ್ಚಿದ್ದರಿಂದ ಅವ್ವ ಎರಡು ಮೇಕೆ ಮಾರಿದಳು.

"ನೀರು ಕೆಳಕ್ಕೇ ಹರಿಯುತ್ತಪ್ಪ, ನಾವೇನು ಮಾಡೋಣ?" ಎಂದರು ಬಲ್ಲವರು. ಹೌದು, ನೀರು ಕೆಳಕ್ಕೆ ಹರಿಯೋದು ಪ್ರಕೃತಿ. ಕೆಳಗಿನ ಹೊಲ ಅವರದಾಗಿ ಮೇಲಿನ ಕಲ್ಲು ನಮ್ಮದಾಗಿದ್ದು ಯಾವ ಪ್ರಕೃತಿ?

ಹಾಗಾದರೆ ರುಜು ಹಾಕೋದು ಬೇಡವೆ? ನನಗೆ ಮೊದಲು ಬಂದ ಸಿಟ್ಟು ಅದೇ. ಇನ್ನೊಬ್ಬರ ದ್ರಾಕ್ಷಿಗೆ ನಾವ್ಯಾಕೆ ಬೆವರು ಸುರಿಸಬೇಕು, ದಿಣ್ಣೆ ಹಾಳಾದರೆ ಹಾಳಾಗಲಿ ಅಂತ. ಅವ್ವ ಫೋನು ಕಿತ್ತುಕೊಂಡು ಅಂದಳು: "ಮಣ್ಣೇನು ತಪ್ಪು ಮಾಡೈತೋ?" ನಾನು ಸುಮ್ಮನಾದೆ. ಅನ್ಯಾಯಕ್ಕೆ ಉತ್ತರವಾಗಿ ನೆಲವನ್ನು ಕೊಂದರೆ, ಕೊನೆಗೆ ಸಾಯುವುದು ನಮ್ಮ ರಾಗಿಯೇ.

ದಾರಿ ಇಲ್ಲದೆ ಇಲ್ಲ. 1972ರ ಬರ ಕಂಡ ವಿಲಾಸರಾವ್ ಸಾಳುಂಖೆಯವರು ಪುಣೆ ಜಿಲ್ಲೆಯ ನಾಯಗಾಂವ್‌ನಲ್ಲಿ ಪಾಣಿ ಪಂಚಾಯತ್ ಕಟ್ಟಿದರು. ಅದರ ಕಟ್ಟಳೆ: ನೀರಿನ ಪಾಲು ಜಮೀನಿನ ಲೆಕ್ಕದಲ್ಲಲ್ಲ, ಮನೆಮಂದಿಯ ತಲೆಲೆಕ್ಕದಲ್ಲಿ. ಭೂಮಿ ಇಲ್ಲದವನಿಗೂ ಪಾಲುಂಟು. ನೀರು ನುಂಗುವ ಕಬ್ಬಿಗೆ ಜಾಗವಿಲ್ಲ. ಬೀದರಿನ ಗಡಿಗೆ ಅಂಟಿದ ಜಹೀರಾಬಾದ್ ಸೀಮೆಯಲ್ಲಿ 1983ರಿಂದ ದಲಿತ ಹೆಂಗಸರು ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳಲ್ಲಿ ಕೂಡಿದರು. ಅದನ್ನು ಕಟ್ಟಿದವರಲ್ಲಿ ಪ್ರಮುಖರಾದ ಪಿ.ವಿ. ಸತೀಶ್ ಮೈಸೂರಿನವರು, 2023ರಲ್ಲಿ ತೀರಿಕೊಂಡರು. ಆ ಹೆಂಗಸರು ಬೀಳುಬಿದ್ದ ಹೊಲಗಳಿಗೆ ಬದು ಹಾಕಿ, ಗೊಬ್ಬರ ಹೊತ್ತು, ಜೋಳ, ತೊಗರಿ, ನವಣೆ ಕೂಡಿಸಿ ಬಿತ್ತಿದರು. ಬೀಜ ತಮ್ಮ ಕೈಯಲ್ಲೇ ಇಟ್ಟುಕೊಂಡರು. ಹಳ್ಳಿಯಲ್ಲೇ ಧಾನ್ಯದ ನಿಧಿ ಮಾಡಿ, ಯಾರು ಕಡುಬಡವರು ಎಂದು ಊರೇ ಕೂತು ಗುರುತಿಸಿ, ಕಡಿಮೆ ಬೆಲೆಗೆ ಜೋಳ ಅಳೆದುಕೊಟ್ಟರು. 2019ರಲ್ಲಿ ಈ ಸಂಸ್ಥೆಗೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಅಲ್ಲಿ ಗೊಬ್ಬರ ಹೊತ್ತ ಕೈಯೇ ಕಾಳನ್ನೂ ಅಳೆಯಿತು. ನನಗೆ ಪ್ರಶಸ್ತಿಗಿಂತ ಅದು ದೊಡ್ಡದು.

ನಮ್ಮಲ್ಲಿ? ತಲೆಮಾರುಗಟ್ಟಲೆ ಊರಿನ ತಿಪ್ಪೆ ಹೊತ್ತವರು ನಾವೇ. ಆಗ ಅದು ಹೊಲಸು. ಈಗ ಸಂಜಯನಗರದ ಅಂಗಡಿಯಲ್ಲಿ ಅದೇ ತಿಪ್ಪೆಯಲ್ಲಿ ಬೆಳೆದ ರಾಗಿಗೆ 'ಸಾವಯವ' ಅಂತ ಚೀಟಿ, ದುಬಾರಿ ಬೆಲೆ. ಇನ್ನು, ಹಸನಾದ ಹೊಲಕ್ಕೆ ಕಣ್ಣು ಬೀಳದೆ ಇರುತ್ತದೆಯೆ? 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ಕಿತ್ತು, ರೈತರಲ್ಲದವರಿಗೂ ಹೊಲ ಕೊಳ್ಳಲು ಬಾಗಿಲು ತೆರೆದರು. ದರಖಾಸ್ತು ಭೂಮಿಗೆ 1978ರ ಪಿಟಿಸಿಎಲ್ ಕಾಯ್ದೆಯ ಬೇಲಿ ಇದೆ. ಬೇಲಿ ಕಾಯುವವರು ನಾವೇ ಆಗಬೇಕು.

ಮಹಾಡಿನ ಚವದಾರ್ ಕೆರೆಯಲ್ಲಿ 1927ರ ಮಾರ್ಚ್ 20ರಂದು ಬಾಬಾಸಾಹೇಬರು ನೀರು ಮುಟ್ಟಿದ್ದು ಬಾಯಾರಿಕೆಗಲ್ಲ, ಹಕ್ಕಿಗೆ. ನೆಲದೊಳಗೆ ಇಂಗಿದ ನೀರೂ ಒಂದು ಕೆರೆಯೇ. ಕಣ್ಣಿಗೆ ಕಾಣದ್ದರಿಂದ ಅದರ ದಡದ ಅಸ್ಪೃಶ್ಯತೆಯೂ ಕಾಣುತ್ತಿಲ್ಲ.

ಮಾರನೇ ದಿನ ಅಪ್ಪನಿಗೆ ಹೇಳಿದೆ: "ರುಜು ಹಾಕಪ್ಪ. ಆದರೆ ತಗ್ಗಿನೋರನ್ನೂ ಕೂರಿಸಿ, ಇಂಗಿದ ನೀರಲ್ಲಿ ದಿಣ್ಣೆಯೋರಿಗೆ, ಭೂಮಿ ಇಲ್ಲದೋರಿಗೆ ಎಷ್ಟು ಪಾಲು ಅಂತ ಮೊದಲು ಬರೆಸು. ಆಮೇಲೆ ಗುದ್ದಲಿ."

"ಅವರು ಒಪ್ಪದಿದ್ರೆ?" ಅಂದ.

"ಗುದ್ದಲಿ ನಮ್ಮ ಕೈಯಾಗೇ ಐತಲ್ಲಪ್ಪ" ಅಂದೆ.