ಹಿತ್ತಲಿನ ಈಜುಕೊಳ ಮತ್ತು ನಾಲ್ಕನೆಯ ಸುಖ


*ಇಂದಿನ ಧಮ್ಮ ಚಿಂತನೆ*

ಹೋದ ವಾರ ನಮ್ಮ ಬಳಗದ ಹಿರಿಯರೊಬ್ಬರು ಗ್ರೂಪಿಗೆ ಒಂದು ಫೋಟೊ ಹಾಕಿದ್ದು ನಿಮಗೆ ನೆನಪಿರಬಹುದು. ನೀಲಿ ಬಣ್ಣದ, ಗೋಡಂಬಿಯಂತೆ ಬಾಗಿದ ಫೈಬರ್‌ಗ್ಲಾಸ್ ಈಜುಕೊಳ. ಕೆಳಗೆ ಎರಡೇ ಮಾತು: "ಕೆಂಗೇರಿ ಮನೆ ಹಿತ್ತಲಿಗೆ ಇದನ್ನ ಕೂರಿಸೋಣ ಅಂತಿದೀನಿ. ಧಮ್ಮದ ಪ್ರಕಾರ ತಪ್ಪಾ?"

ಗ್ರೂಪ್ ಎರಡು ಭಾಗವಾಯಿತು. "ಕೂರಿಸಿ ಅಣ್ಣ, ನಮ್ಮವರ ಮನೇಲೂ ಇರಲಿ" ಎಂದು ಬಸವೇಶ್ವರನಗರದವರು. "ತಣ್ಹೆಯೇ ದುಃಖಕ್ಕೆ ಮೂಲ" ಎಂದು ವಿಜಯನಗರದವರು. ಆಮೇಲೆ ಯಾರೋ ಗುಡ್ ಮಾರ್ನಿಂಗ್ ಹೂವು ಹಾಕಿದರು, ಮಾತು ಅಲ್ಲಿಗೇ ನಿಂತಿತು. ಪ್ರಶ್ನೆ ಮಾತ್ರ ಹಾಗೇ ಉಳಿದಿದೆ. ಅದಕ್ಕೆ ಇವತ್ತಿನ ಬರಹ.

ಭಾನುವಾರ ನಾನು ಅವರ ಮನೆಗೆ ಹೋಗಿದ್ದೆ. 60×80 ಸೈಟು, ಹಿಂದೆ ಎರಡು ತೆಂಗಿನ ಮರ, ಒಂದು ನುಗ್ಗೆ. ನಿವೃತ್ತಿಯ ಹಣದಲ್ಲಿ ಮಾಡಿಸುತ್ತಿದ್ದಾರೆ, ಸಾಲವಿಲ್ಲ. ಅವರ ಊರು ಮಾಗಡಿ ಕಡೆ. ಊರ ತೋಟದ ಬಾವಿಯಲ್ಲಿ ಬೇಸಿಗೆ ಬಂತೆಂದರೆ ಹುಡುಗರೆಲ್ಲ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಧುಮುಕುತ್ತಿದ್ದರಂತೆ. ಇವರಿಗೆ ಬಾವಿಯ ಕಟ್ಟೆಯನ್ನೂ ಮುಟ್ಟುವ ಹಾಗಿರಲಿಲ್ಲ. "ಅವರು ಬಿದ್ದಾಗ ನೀರು ಎಷ್ಟು ಎತ್ತರ ಚಿಮ್ಮುತ್ತೆ ಅಂತ ದೂರದಿಂದ ನೋಡ್ತಿದ್ದೆ" ಎಂದರು. ಅರವತ್ತನಾಲ್ಕು ವರ್ಷವಾಗಿದೆ, ಈಜು ಬರುವುದಿಲ್ಲ. ಮೊಮ್ಮಗಳಾದರೂ ಕಲಿಯಲಿ ಎನ್ನುತ್ತಾರೆ. ಇದನ್ನು ತಣ್ಹೆ ಎಂದು ಕರೆದು ಮುಗಿಸಲು ನನಗೆ ಮನಸ್ಸು ಬರಲಿಲ್ಲ.

ಬುದ್ಧರು ಗೃಹಸ್ಥರಿಗೆ ಬಡತನವನ್ನು ಬೋಧಿಸಿದವರಲ್ಲ. ಬಾಬಾಸಾಹೇಬರು ಇದನ್ನು ಮತ್ತೆ ಮತ್ತೆ ಒತ್ತಿ ಹೇಳಿದ್ದಾರೆ. ಅಂಗುತ್ತರ ನಿಕಾಯದಲ್ಲಿ ಅನಾಥಪಿಂಡಿಕನಿಗೆ ಹೇಳಿದ ನಾಲ್ಕು ಸುಖಗಳಿವೆ. ನ್ಯಾಯವಾಗಿ ದುಡಿದದ್ದು ನನ್ನ ಹತ್ತಿರ ಇದೆ ಎಂಬ ಸುಖ. ಅದನ್ನು ಅನುಭವಿಸುವ ಸುಖ. ಯಾರಿಗೂ ಸಾಲಗಾರನಲ್ಲ ಎಂಬ ಸುಖ. ನಾಲ್ಕನೆಯದು ಅನವಜ್ಜ ಸುಖ, ಅಂದರೆ ಕಾಯದಲ್ಲಿ, ಮಾತಿನಲ್ಲಿ, ಮನಸ್ಸಿನಲ್ಲಿ ದೋಷವಿಲ್ಲದ ಸುಖ. ಮೊದಲ ಮೂರೂ ಈ ನಾಲ್ಕನೆಯದರ ಹದಿನಾರನೇ ಒಂದು ಭಾಗಕ್ಕೂ ಸಮವಲ್ಲ ಎನ್ನುತ್ತದೆ ಸುತ್ತ. ನಮ್ಮ ಹಿರಿಯರಿಗೆ ಮೊದಲ ಮೂರು ಇವೆ. ಹಾಗಾಗಿ ನಾಲ್ಕನೆಯದನ್ನು ಮಾತ್ರ ನೋಡೋಣ.

ಮೊದಲು ನೀರು. 20 ಅಡಿ ಉದ್ದ, 10 ಅಡಿ ಅಗಲ, ಸರಾಸರಿ 4 ಅಡಿ ಆಳದ ಕೊಳ, ಅಂಚು ಬಾಗಿರುವುದರಿಂದ ಸ್ವಲ್ಪ ಕಳೆದರೂ ಸುಮಾರು 20 ಸಾವಿರ ಲೀಟರ್ ಕುಡಿಯುತ್ತದೆ. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ಸರಕಾರಿ ಲೆಕ್ಕ ಹಿಡಿದರೆ ನಾಲ್ಕು ಜನರ ಮನೆಗೆ ಒಂದು ತಿಂಗಳ ಮೇಲೆ ಒಂದು ವಾರದ ನೀರು. 2024ರ ಮಾರ್ಚ್ ಮರೆತಿಲ್ಲ ತಾನೆ? ಬೋರ್‌ವೆಲ್‌ಗಳು ಒಣಗಿ, ಟ್ಯಾಂಕರಿಗೆ ಜಿಲ್ಲಾಡಳಿತವೇ ದರ ಕಟ್ಟಬೇಕಾಯಿತು. ಈಜುಕೊಳಕ್ಕೆ ಕುಡಿಯುವ ನೀರು ಬಳಸಬಾರದು, ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು. ನಮ್ಮ ನಲ್ಲಿಗೆ ಬರುವ ಕಾವೇರಿ ನೂರು ಕಿಲೋಮೀಟರ್ ದೂರದಿಂದ, ಪಂಪಿನ ಮೇಲೆ ಪಂಪು ಹತ್ತಿ ಬರುವ ನೀರು. ನಾವು ಬಿಟ್ಟದ್ದು ವೃಷಭಾವತಿ ಸೇರಿ, ಕೆಂಗೇರಿ ದಾಟಿ, ಬಿಡದಿ ಬಳಿಯ ಬೈರಮಂಗಲ ಕೆರೆಗೆ ಹೋಗುತ್ತದೆ. ಅಲ್ಲಿನ ರೈತರು ಅದರಲ್ಲೇ ಬೆಳೆ ಬೆಳೆಯುತ್ತಾರೆ. ನಮ್ಮ ಹಿತ್ತಲು ಇನ್ನೊಬ್ಬರ ಮೇಲ್ದಂಡೆ.

ವಿನಯಪಿಟಕದಲ್ಲಿ ಒಂದು ಪ್ರಸಂಗವಿದೆ. ರಾಜಗೃಹದ ತಪೋದಾ ಎಂಬ ಬಿಸಿನೀರಿನ ತಾಣದಲ್ಲಿ ಭಿಕ್ಖುಗಳು ಸ್ನಾನ ಮಾಡುತ್ತಿದ್ದರು. ಬಿಂಬಿಸಾರ ರಾಜನೂ ತಲೆಸ್ನಾನಕ್ಕೆ ಬಂದ. ಅವರು ಮುಗಿಸಲಿ ಎಂದು ಗೌರವದಿಂದ ಒಂದು ಕಡೆ ಕಾದ. ಅವರೋ ಕತ್ತಲಾಗುವವರೆಗೂ ನೀರಿನಿಂದ ಏಳಲಿಲ್ಲ. ರಾಜ ಸ್ನಾನ ಮುಗಿಸಿ ಹೋಗುವಷ್ಟರಲ್ಲಿ ಊರ ಬಾಗಿಲು ಮುಚ್ಚಿತ್ತು, ರಾತ್ರಿ ಹೊರಗೇ ಕಳೆದ. ವಿಷಯ ತಿಳಿದ ಬುದ್ಧರು ಭಿಕ್ಖುಗಳನ್ನು ಆಕ್ಷೇಪಿಸಿ ಸ್ನಾನಕ್ಕೆ ಮಿತಿ ಹಾಕಿದರು. ಆಮೇಲೆ ಬೇಸಿಗೆ, ಕಾಯಿಲೆ, ದುಡಿಮೆ, ಪ್ರಯಾಣ ಇವಕ್ಕೆಲ್ಲ ವಿನಾಯಿತಿಯನ್ನೂ ಕೊಟ್ಟರು. ಸ್ನಾನ ಕೆಟ್ಟದ್ದು ಎಂದು ಯಾರೂ ಹೇಳಲಿಲ್ಲ. ದಡದಲ್ಲಿ ಒಬ್ಬರು ಕಾಯುತ್ತಿದ್ದಾರೆ ಎಂದು ಕಂಡೂ ಅಳತೆ ತಪ್ಪಿದ್ದೇ ಆಕ್ಷೇಪ.

ಇದಕ್ಕೆ ದಾರಿಯಿದೆ. ಸಾವಿರ ಚದರಡಿ ತಾರಸಿಯ ಮೇಲೆ ಒಂದು ಇಂಚು ಮಳೆ ಬಿದ್ದರೆ ಎರಡು ಸಾವಿರ ಲೀಟರಿಗಿಂತ ಹೆಚ್ಚು. ಹತ್ತು ಹನ್ನೆರಡು ಒಳ್ಳೆಯ ಮಳೆಗೆ ಕೊಳ ತುಂಬುತ್ತದೆ. ಫೈಬರ್‌ಗ್ಲಾಸ್ ಮೈ ನುಣುಪು, ಪಾಚಿ ಸುಲಭಕ್ಕೆ ಹಿಡಿಯುವುದಿಲ್ಲ, ಸಿಮೆಂಟ್ ಕೊಳಕ್ಕಿಂತ ಔಷಧಿ ಕಡಿಮೆ ಸಾಕು. ಮೇಲೆ ಹೊದಿಕೆ ಹಾಕಿದರೆ ಆವಿಯಾಗುವುದೂ ತಗ್ಗುತ್ತದೆ. ಆದರೆ ಇಡೀ ಕೊಳ ಅಚ್ಚಿನಲ್ಲಿ ಒಂದೇ ತುಂಡಾಗಿ ಬರುತ್ತದೆ. ಲಾರಿ, ಕ್ರೇನ್ ಎರಡಕ್ಕೂ ರಸ್ತೆ ಬೇಕು. ರಾಜಾಜಿನಗರದ ನಮ್ಮ ಗಲ್ಲಿಗೆ ಅದು ಕನಸಿನಲ್ಲೂ ಬರದು. ಆಳವನ್ನು ಆಮೇಲೆ ಬದಲಿಸಲಾಗದು, ಆದ್ದರಿಂದ ಈಜು ಬಾರದ ಅಜ್ಜನಿಗೂ ಮೊಮ್ಮಗಳಿಗೂ ಮೆಟ್ಟಿಲಿದ್ದು ಕಾಲಿಗೆ ನೆಲ ಸಿಗುವಂಥದ್ದನ್ನೇ ಆರಿಸಬೇಕು. ಸುತ್ತ ಕಟ್ಟುನಿಟ್ಟಾದ ಬೇಲಿ, ಬೀಗ ಬೇಕೇ ಬೇಕು. ಕೂರಿಸುವಾಗ ಒಳಗೆ ನೀರು ತುಂಬಿದಂತೆ ಹೊರಗೂ ಸಮಸಮವಾಗಿ ಮರಳು ತುಂಬುತ್ತಾ ಬರಬೇಕು. ತುಂಬಿದ ಮೇಲೆ ಪೂರ್ತಿ ಖಾಲಿ ಬಿಡುವಂತಿಲ್ಲ, ಅಂತರ್ಜಲ ಮೇಲಿದ್ದರೆ ಕೊಳವನ್ನೇ ಎತ್ತಿಬಿಡುತ್ತದೆ. (ಇದನ್ನು ಕೇಳಿದಾಗ ನನಗೊಂದು ಧರ್ಮೋಪಮೆ ಹೊಳೆಯಿತು. ನಿಮ್ಮ ಮೇಲಿನ ಕರುಣೆಯಿಂದ ಬರೆಯುತ್ತಿಲ್ಲ.)

ನೀರಿನ ದೋಷ ಹೀಗೆ ಕಳೆಯಬಹುದು. ನನ್ನನ್ನು ನಿಜವಾಗಿ ಕಾಡಿದ್ದು ಕಾಂಪೌಂಡ್ ಗೋಡೆ.

1927ರ ಮಾರ್ಚ್ 20, ಮಹಾಡ್. ಚವದಾರ್ ಕೆರೆಯನ್ನು ಎಲ್ಲರಿಗೂ ತೆರೆದಿದ್ದೇವೆ ಎಂದು ಪುರಸಭೆ ಮೊದಲೇ ನಿರ್ಣಯ ಮಾಡಿತ್ತು, ಆದರೂ ಯಾರೂ ಮುಟ್ಟುವಂತಿರಲಿಲ್ಲ. ಬಾಬಾಸಾಹೇಬರು ಜನರೊಂದಿಗೆ ನಡೆದು ಹೋಗಿ ನೀರು ಕುಡಿದರು. ಸವರ್ಣೀಯರು 108 ಮಡಕೆಗಳಲ್ಲಿ ಸಗಣಿ, ಗಂಜಲ, ಹಾಲು, ಮೊಸರು ಬೆರೆಸಿ ಸುರಿದು ಕೆರೆಯನ್ನು 'ಶುದ್ಧಿ' ಮಾಡಿಕೊಂಡರು. ಇಷ್ಟು ನಮಗೆಲ್ಲ ಗೊತ್ತು. ಆಮೇಲಿನದನ್ನು ನಾವು ಅಷ್ಟು ನೆನೆಯುವುದಿಲ್ಲ. ಅವರು ಕೋರ್ಟಿಗೆ ಹೋಗಿ, ಕೆರೆ ಸಾರ್ವಜನಿಕವೇ ಅಲ್ಲ, ಅದು *ಖಾಸಗಿ* ಎಂದು ವಾದಿಸಿದರು. ಆ ಒಂದು ಪದದ ಜೊತೆ ಹತ್ತು ವರ್ಷ ಗುದ್ದಾಡಬೇಕಾಯಿತು. 1937ರ ಮಾರ್ಚ್‌ನಲ್ಲಿ ಬಾಂಬೆ ಹೈಕೋರ್ಟ್ ಅವರ ಮೇಲ್ಮನವಿಯನ್ನು ತಳ್ಳಿಹಾಕಿತು.

ಅಮೆರಿಕದಲ್ಲೂ ಇದೇ ಕತೆ. 1964ರ ಜೂನ್‌ನಲ್ಲಿ ಫ್ಲಾರಿಡಾದ ಸೇಂಟ್ ಅಗಸ್ಟೀನ್ ಊರಿನಲ್ಲಿ ಕಪ್ಪು ಜನರೂ ಅವರ ಬಿಳಿಯ ಗೆಳೆಯರೂ ಒಂದು ಮೋಟೆಲಿನ ಈಜುಕೊಳಕ್ಕೆ ಒಟ್ಟಿಗೆ ಇಳಿದರು. ಅವರು ನೀರಿನಲ್ಲಿದ್ದಾಗಲೇ ಅಲ್ಲಿನ ವ್ಯವಸ್ಥಾಪಕ ಕೊಳಕ್ಕೆ ಆ್ಯಸಿಡ್ ಸುರಿದ. ಸಾರ್ವಜನಿಕ ಈಜುಕೊಳಗಳು ಎಲ್ಲರಿಗೂ ತೆರೆಯಲೇಬೇಕಾದಾಗ ಎಷ್ಟೋ ಊರುಗಳು ಕೊಳವನ್ನೇ ಮುಚ್ಚಿದವು. ಬಿಳಿಯರು ಅನೇಕರು ಖಾಸಗಿ ಕ್ಲಬ್ಬಿಗೆ, ತಮ್ಮ ತಮ್ಮ ಹಿತ್ತಲಿಗೆ ಸರಿದರು. ಹಿತ್ತಲಿನ ಈಜುಕೊಳಕ್ಕೆ ಇಂಥದ್ದೊಂದು ಚರಿತ್ರೆಯೂ ಇದೆ, ಅದು ಬಾಗಿದ ಆಕಾರದ್ದಾಗಲಿ, ಚೌಕದ್ದಾಗಲಿ.

ನಮ್ಮ ಹಿರಿಯರ ಮನೆ ಪಕ್ಕದ ಸೈಟಿನಲ್ಲಿ ಮನೆ ಏಳುತ್ತಿದೆ. ಗಾರೆ ಕೆಲಸಕ್ಕೆ ರಾಯಚೂರು ಕಡೆಯಿಂದ ಬಂದ ಕುಟುಂಬ ಶೆಡ್ಡಿನಲ್ಲಿದೆ. ನಾವು ಹಿತ್ತಲಲ್ಲಿ ನಿಂತು ಟೇಪು ಹಿಡಿದು ಅಳೆಯುತ್ತಿದ್ದಾಗ ಅವರ ಇಬ್ಬರು ಮಕ್ಕಳು ಇಟ್ಟಿಗೆ ರಾಶಿ ಹತ್ತಿ ಗೋಡೆಯ ಮೇಲಿಂದ ನೋಡುತ್ತಿದ್ದರು. ನಾನು ಏನೂ ಹೇಳಲಿಲ್ಲ, ಹಿರಿಯರೇ ನೋಡಿದರು. ಸ್ವಲ್ಪ ಹೊತ್ತು ಟೇಪು ಕೈಯಲ್ಲೇ ಇತ್ತು.

"ಇವರನ್ನ ಬಿಟ್ಟುಕೊಂಡರೆ ಅಕ್ಕಪಕ್ಕದವರು ಏನಂತಾರೋ" ಎಂದರು. ಆಮೇಲೆ ತಮ್ಮ ಮಾತು ತಮಗೇ ಕೇಳಿಸಿದವರ ಹಾಗೆ ಸುಮ್ಮನಾದರು. ಮನೆಯವರು ಕಾಫಿ ತಂದರು.

ನಾನು ಕೇಳಿದ್ದು ಒಂದೇ: "ಸರ್, ವಾರಕ್ಕೆ ಒಂದು ದಿನ ಆ ಗೇಟು ಯಾರಿಗೆ ತೆರೆದಿರುತ್ತೆ, ಕೊಳ ತಿಕ್ಕೋಕೆ ಬರೋ ಹುಡುಗ ಅದರಲ್ಲಿ ಈಜಬಹುದಾ ಅಂತ ಈಗಲೇ ಬರೆದಿಡೋಣ್ವಾ? ಕೊಟೇಶನ್ ಹಿಂದೆನೇ ಬರೀರಿ." ಅವರು ನಕ್ಕರು. ಕೊಟೇಶನ್ ತಂದು ಕನ್ನಡಕ ಹಾಕಿಕೊಂಡು ಓದಿದರು, ಏನೂ ಬರೆಯಲಿಲ್ಲ.

ನಿನ್ನೆ ರಾತ್ರಿ ಫೋನ್ ಮಾಡಿದ್ದರು. ಕೊಳದ ವಿಷಯ ಮಳೆಗಾಲದವರೆಗೆ ತಡೆಹಿಡಿದಿದ್ದಾರಂತೆ, ಬಿಟ್ಟಿಲ್ಲ. ಅಷ್ಟರಲ್ಲಿ ವಿಜಯನಗರದ ಕಡೆ ಸಾರ್ವಜನಿಕ ಈಜುಕೊಳದಲ್ಲಿ ಬೆಳಗಿನ ತರಗತಿಗೆ ಮೊಮ್ಮಗಳ ಜೊತೆ ತಾವೂ ಸೇರಬೇಕು ಎಂದಿದ್ದಾರೆ. "ಈ ವಯಸ್ಸಲ್ಲಿ ತಲೆಗೆ ರಬ್ಬರ್ ಟೋಪಿ ಬೇರೆ ಹಾಕ್ಕೋಬೇಕಂತೆ ಕಣಪ್ಪ" ಎಂದರು. ಗ್ರೂಪಿನಲ್ಲಿ ಯಾರಾದರೂ ಜೊತೆ ಬರುವವರಿದ್ದರೆ ತಿಳಿಸಿ ಎಂದೂ ಹೇಳಿದ್ದಾರೆ. ಈಜು ಬಾರದವರು ನಮ್ಮಲ್ಲಿ ಕಡಿಮೆಯೇನಿಲ್ಲ. ನನ್ನ ಹೆಸರು ಕೊಟ್ಟಿದ್ದೇನೆ.

ಜೈಭೀಮ್ 🙏