ನೋಡುವವನ ಋಣ

ದೇಶಸಂಚಾರಕ್ಕೆ ಹೊರಟವರು ದೇವಾಲಯಗಳನ್ನೂ ಜಲಪಾತಗಳನ್ನೂ ನೋಡಿ ಬರುವುದು ವಾಡಿಕೆ. ಈಚೆಗೆ ಕೆಲವು ಕುಟುಂಬಗಳು ಮೋಟಾರಿನಲ್ಲಿ ಡೇರೆಯನ್ನೂ ಅಡಿಗೆಯ ಸಾಮಾನನ್ನೂ ಇಟ್ಟುಕೊಂಡು, ಹೆಂಚಿನ ಕಾರ್ಖಾನೆ, ರೇಷ್ಮೆಯ ಮಗ್ಗ, ಕಲ್ಲಿನ ಗಣಿ ಮುಂತಾದುವನ್ನು ಕಾಣುತ್ತ ಊರಿಂದೂರಿಗೆ ಹೋಗುವುದುಂಟು. ಇದರಿಂದ ಮಕ್ಕಳ ತಿಳಿವಳಿಕೆ ಬೆಳೆಯುವುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಒಬ್ಬನ ದುಡಿಮೆಯು ಮತ್ತೊಬ್ಬನ ವಿನೋದವಾಗಬಹುದೆ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ.

ಆಗಬಾರದೆನ್ನುವವರ ವಾದವು ದುರ್ಬಲವಾದುದಲ್ಲ. ಜಲಪಾತಕ್ಕೆ ನೋಡುವವರ ಪರಿವೆಯಿಲ್ಲ, ಕಲ್ಲೊಡೆಯುವವನಿಗೆ ಉಂಟು. ಬಿಸಿಲಿನಲ್ಲಿ ಬೆವರುವವನ ಮುಂದೆ ಕೊಡೆಯ ನೆರಳಿನಲ್ಲಿ ನಿಂತು ಅಚ್ಚರಿಪಟ್ಟು ಹೊರಟುಹೋಗುವುದು ಅವನನ್ನು ಬೊಂಬೆಯಾಗಿ ಎಣಿಸಿದಂತೆಯೇ ಸರಿ. ಆದರೆ ನೋಡದೆ ಇದ್ದುಬಿಟ್ಟರೆ ಆ ದೋಷವು ಕಳೆಯುವುದೆ? ಅವನು ಕಡಿದ ಕಲ್ಲಿನ ಮನೆಯಲ್ಲಿ ವಾಸಿಸುತ್ತ ಅವನ ಮುಖವನ್ನೇ ಕಾಣದಿರುವುದು ಇನ್ನೂ ದೊಡ್ಡ ಉಪೇಕ್ಷೆ. ಆದುದರಿಂದ ಯಾವ ಉದ್ದೇಶದಿಂದ ನೋಡಬೇಕೆಂಬುದೇ ವಿಚಾರಾರ್ಹವಾದುದು.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರು ಸೀಮೆಗಳನ್ನು ಸುತ್ತಿದನು. ಕಬ್ಬಿಣ ಕರಗಿಸುವ ಕುಲುಮೆಗಳನ್ನೂ ನೇಯಿಗೆಯನ್ನೂ ಕಲ್ಲು ಕಡಿಯುವುದನ್ನೂ ತಾಳ್ಮೆಯಿಂದ ನೋಡಿ ಬರೆದಿಟ್ಟನು. 1807ರಲ್ಲಿ ಲಂಡನ್ನಿನಲ್ಲಿ ಆ ಬರಹವು ಮೂರು ಸಂಪುಟಗಳಾಗಿ ಅಚ್ಚಾಯಿತು. ಮಲಬಾರಿನ ಅಂಗಾಡಿಪುರದಲ್ಲಿ ಅವನು ಒಂದು ಕೆಂಪುಕಲ್ಲನ್ನು ಕಂಡನು. ನೆಲದೊಳಗಿರುವಾಗ ಅದು ಮೆದು. ಹತಾರಕ್ಕೆ ಸುಲಭವಾಗಿ ಬಗ್ಗುವುದು. ಗಾಳಿಗೆ ಒಡ್ಡಿದರೆ ಗಟ್ಟಿಯಾಗುವುದು. ಕರಾವಳಿಯಲ್ಲಿ ಇದಕ್ಕೆ ಮುರಕಲ್ಲೆನ್ನುವರು. ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಮಾತಿನಿಂದ ಅವನು ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟನು. ದೇಶಭಾಷೆಗಳಲ್ಲಿ ಅದನ್ನು ಇಟ್ಟಿಗೆಕಲ್ಲು ಎನ್ನುವರೆಂದೂ ಅವನೇ ಒಪ್ಪಿಕೊಂಡಿದ್ದಾನೆ. ಕಡಿಯುವವರ ಬಾಯಿಂದ ಬಂದ ತಿಳಿವು ಹೀಗೆ ಲ್ಯಾಟಿನ್ನಿನ ಉಡುಪು ತೊಟ್ಟು ಲೋಕವನ್ನೆಲ್ಲ ಸುತ್ತಿತು. ಕಡಿದವರ ಹೆಸರು ಮಾತ್ರ ಎಲ್ಲಿಯೂ ಉಳಿಯಲಿಲ್ಲ. ಬುಕಾನನನ ಶ್ರದ್ಧೆ ಗೌರವಕ್ಕೆ ತಕ್ಕದ್ದು. ಆದರೆ ಅವನನ್ನು ಕಳುಹಿಸಿದ್ದು ಕಂಪೆನಿಯ ಸರ್ಕಾರ. ನೆಲದಿಂದ ಏನು ದೊರೆಯುವುದೆಂಬುದೇ ಅದಕ್ಕೆ ಬೇಕಾಗಿದ್ದಿತು. ಶ್ರದ್ಧೆಯಿಂದ ನೋಡಿದ ಮಾತ್ರಕ್ಕೆ ನೋಟವು ಧರ್ಮವಾಗುವುದಿಲ್ಲ.

ಅರ್ಧವನ್ನಷ್ಟೇ ನೋಡುವುದೂ ಉಂಟು. 1902ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿದುದು ಆ ಕಾಲಕ್ಕೆ ದೊಡ್ಡ ಸಾಹಸ. ಗಣಿಯು ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. 2001ರಲ್ಲಿ ಕೆಲಸವು ನಿಂತಿತು. ಕಲ್ಲಿನ ಧೂಳು ಹೊಕ್ಕು ಕೆಟ್ಟ ಶ್ವಾಸಕೋಶಗಳೂ, ಚಿನ್ನ ತೆಗೆದುಳಿದ ಪುಡಿಯ ಸೈನೈಡ್ ಗುಡ್ಡಗಳೂ ಆ ಊರಿನ ಪಾಲಿಗೆ ಬಂದುವು. ಯಂತ್ರವನ್ನು ಕಂಡು ಬೆರಗಾಗಿ ಗುಡ್ಡಕ್ಕೆ ಬೆನ್ನು ತಿರುಗಿಸಿದವನು ಗಣಿಯನ್ನು ಕಂಡನೆನ್ನಲಾಗದು.

ದೇವಋಣ, ಋಷಿಋಣ, ಪಿತೃಋಣಗಳ ಜೊತೆಗೆ ಮನುಷ್ಯಋಣವೆಂಬ ನಾಲ್ಕನೆಯದನ್ನು ಶತಪಥ ಬ್ರಾಹ್ಮಣವು ಹೇಳುತ್ತದೆ. ಬಂದವರಿಗೆ ನೆಲೆಯನ್ನೂ ಅನ್ನವನ್ನೂ ಕೊಟ್ಟು ಅದನ್ನು ತೀರಿಸತಕ್ಕದ್ದು. ಊರ ಹೊರಗೆ ಡೇರೆ ಹಾಕಿ ಗಣಿಯ ಬಾಗಿಲಿಗೆ ಬಂದ ಪ್ರವಾಸಿಯಾದರೋ ಅಲ್ಲಿ ಅತಿಥಿ. ಕಲ್ಲು ಕಡಿಯುವವನೇ ಆತಿಥೇಯ. ತನ್ನ ವಿದ್ಯೆಯನ್ನೂ ಹೊತ್ತನ್ನೂ ಅವನು ಕೊಡುತ್ತಾನೆ. ಅದನ್ನು ಉಂಡವನಿಗೆ ಋಣವು ತಪ್ಪದು. ಅನುಮತಿ ಕೇಳಿ ಒಳಹೋಗುವುದು, ಕೆಲಸದ ಕ್ರಮವನ್ನು ಕೇಳಿದಂತೆಯೇ ಕೂಲಿಯನ್ನೂ ಧೂಳನ್ನೂ ಕುರಿತು ಕೇಳುವುದು, ಕಡಿದು ಬಿಟ್ಟ ಹೊಂಡದಲ್ಲಿ ಮಳೆಯ ನೀರು ನಿಂತು ಅಪಾಯವಾಗುವುದನ್ನು ಕಂಡರೆ ಮೌನವಾಗಿರದಿರುವುದು, ಬೆಲೆಯಲ್ಲಿ ಕೊನೆಯ ಕಾಸಿಗೂ ಚೌಕಾಶಿ ಮಾಡದಿರುವುದು, ಇವು ಅದನ್ನು ತೀರಿಸುವ ದಾರಿಗಳು. ಪೂರ್ತಿಯಾಗಿ ತೀರಲಾರದು, ಆದರೂ ತೀರಿಸಲು ತೊಡಗಬಹುದು.

ಪ್ರವಾಸ ಮುಗಿಸಿ ಬಂದ ಮಗುವೊಂದು ತನ್ನ ಮನೆಯ ಮುರಕಲ್ಲಿನ ಗೋಡೆಯನ್ನು ಮುಟ್ಟಿ, ಇದನ್ನು ಕಡಿದವರು ಈಗ ಎಲ್ಲಿದ್ದಾರೆಂದು ಕೇಳಬಹುದು. ಹಿರಿಯರಿಗೆ ಉತ್ತರ ತೋರದೆ ಹೋದರೂ ಚಿಂತೆಯಿಲ್ಲ. ಆ ಪ್ರಶ್ನೆ ಮನೆಯಲ್ಲಿ ಹುಟ್ಟಿದುದೇ ಸಂಚಾರದ ಫಲ.